ಹಳೆಯ ಅಂಗಿಗೂ ಒಂದು ಬೆಲೆಯಿರಲಿ

ಮಕ್ಕಳು ಬೆಳೆಯುತ್ತಾರೆ, ಅವರ ಅಂಗಿಗಳು ಬೆಳೆಯುವುದಿಲ್ಲ. ಹುಟ್ಟಿದ ಕೂಸು ಐದಾರು ತಿಂಗಳಲ್ಲಿ ತೂಕದಲ್ಲಿ ಇಮ್ಮಡಿಯಾಗುತ್ತದೆ. ವರ್ಷ ತುಂಬುವಷ್ಟರಲ್ಲಿ ಮುಮ್ಮಡಿಯಾಗುತ್ತದೆ. ನಾಮಕರಣಕ್ಕೆ ತಂದ ಅಂಗಿ ಹುಟ್ಟುಹಬ್ಬದ ಹೊತ್ತಿಗೆ ತೋಳಿಗೇರುವುದಿಲ್ಲ. ಆದುದರಿಂದ ಮಕ್ಕಳಿರುವ ಪ್ರತಿಯೊಂದು ಮನೆಯ ಅಟ್ಟದ ಮೇಲೂ ಒಂದು ಗಂಟು ಇದ್ದೇ ಇರುತ್ತದೆ. ಆ ಗಂಟನ್ನು ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ.

ಕಾವ್ಯಮೀಮಾಂಸೆ, ಪ್ರಜಾಪ್ರಭುತ್ವ ಮುಂತಾದ ಘನವಿಷಯಗಳು ಅಚ್ಚಾಗುವ ಸಂಚಿಕೆಯಲ್ಲಿ ಹಳೆಯ ಬಟ್ಟೆಯ ಮಾತೇಕೆ ಎಂದು ಅಧ್ಯಾಪಕ ಮಹಾಶಯರು ನಗಬಹುದು. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ನನಗೆ ಚೆನ್ನಾಗಿ ತಿಳಿದಿರುವ ವಿಷಯದ ಮೇಲೆ ಬರೆಯುವುದು ಲೇಸೆಂದು ತೋರಿದ್ದರಿಂದ ಇದನ್ನು ಆರಿಸಿಕೊಂಡಿದ್ದೇನೆ. ಮಕ್ಕಳಿಗೆ ಸಣ್ಣದಾದ ವಸ್ತುಗಳನ್ನು ದಾನವೆಂದು ಸುರಿಯುವುದಕ್ಕಿಂತ, ಚೊಕ್ಕಟವಾಗಿ ಸಿದ್ಧಗೊಳಿಸಿ ಕಡಿಮೆ ಬೆಲೆಗೆ ಮಾರುವುದೇ ಹೆಚ್ಚು ಮರ್ಯಾದೆಯ ಕೆಲಸವೆಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದುದಲ್ಲ. ನನ್ನ ತಾಯಿ ಸುಗ್ಗಿಯ ಕಾಲದಲ್ಲಿ ತೋಟದವರ ಮನೆಗಳಿಗೆ ಅಡಕೆ ಸುಲಿಯಲು ಹೋಗುತ್ತಾಳೆ. ನಾನು ಮೂರನೆಯ ತರಗತಿಯಲ್ಲಿದ್ದಾಗ ಅಂಥ ಒಂದು ಮನೆಯವರು ತಮ್ಮ ಮಗಳಿಗೆ ಸಣ್ಣದಾದ ಹಳದಿ ಫ್ರಾಕೊಂದನ್ನು ಕೊಟ್ಟರು. ಅದರ ಎದೆಯ ಮೇಲೆ ಎರಡು ಬಾತುಕೋಳಿಗಳ ಕಸೂತಿಯಿತ್ತು. ನಾನು ಅಷ್ಟು ಚೆಲುವಾದ ಬಟ್ಟೆಯನ್ನು ಅದುವರೆಗೆ ತೊಟ್ಟಿರಲಿಲ್ಲ. ಶನಿವಾರ ಅದನ್ನು ಹಾಕಿಕೊಂಡು ಶಾಲೆಗೆ ಹೋದೆ. ಆ ಮನೆಯ ಹುಡುಗಿ ನನ್ನ ಶಾಲೆಯವಳೇ. ಅವಳು ಓಡಿಬಂದು, ಎಲ್ಲರೆದುರು, ಏನೂ ಕೆಟ್ಟ ಭಾವನೆಯಿಲ್ಲದೆ, “ಏ, ಇದು ನನ್ನ ಫ್ರಾಕು! ಬಾತುಕೋಳಿ ನೋಡಿ!” ಎಂದಳು. ಅವಳದು ಕೇವಲ ಗುರುತು ಹಿಡಿದ ಸಂತೋಷ. ಆದರೆ ಆ ದಿನ ಸಂಜೆಯವರೆಗೆ ನಾನು ಪುಸ್ತಕದ ಚೀಲವನ್ನು ಎದೆಗೆ ಅವಚಿಕೊಂಡೇ ಕುಳಿತಿದ್ದೆ.

ಮುಂದಿನ ವಾರ ಅವ್ವ ನನ್ನನ್ನು ಸಂತೆಗೆ ಕರೆದುಕೊಂಡು ಹೋಗಿ, ಹಳೆಯ ಬಟ್ಟೆಗಳ ರಾಶಿ ಹಾಕಿಕೊಂಡು ಕೂರುವವರಲ್ಲಿ ಚೌಕಾಸಿ ಮಾಡಿ, ಒಂದು ನೀಲಿ ಅಂಗಿಯನ್ನು ಮೂವತ್ತು ರೂಪಾಯಿಗೆ ಕೊಂಡಳು. ಅದೂ ಯಾರೋ ತೊಟ್ಟು ಬಿಟ್ಟದ್ದೇ. ಹಳದಿ ಫ್ರಾಕಿನಷ್ಟು ಚೆಂದವೂ ಇರಲಿಲ್ಲ. ಆದರೂ ಅದನ್ನು ತೊಟ್ಟಾಗ ನನಗೆ ಸಂಕೋಚವಾಗಲಿಲ್ಲ. ಏಕೆಂದು ಕೇಳಿದ್ದಕ್ಕೆ ಅವ್ವ, “ಕೊಟ್ಟಿದ್ದು ಕೊಟ್ಟೋರ ಹೆಸರಲ್ಲೇ ಇರ್ತದೆ ಮಗಾ. ದುಡ್ಡು ಕೊಟ್ಟು ತಂದಿದ್ದು ನಮ್ಮದು” ಎಂದಳು. ಅರ್ಥಶಾಸ್ತ್ರದ ತರಗತಿಯಲ್ಲಿ ಬೆಲೆಯ ಸಿದ್ಧಾಂತವನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಹಾಗಿದ್ದೂ ನಾನೇ ಇದನ್ನು ಒಮ್ಮೆ ಮರೆತೆ. ಕಳೆದ ವರ್ಷ ನಾವು ಕೆಲವು ವಿದ್ಯಾರ್ಥಿಗಳು ಸೇರಿ ಮನೆಮನೆಗೆ ಹೋಗಿ ಮಕ್ಕಳ ಹಳೆಯ ಬಟ್ಟೆಗಳನ್ನು ಸಂಗ್ರಹಿಸಿದೆವು. ಎಂಟು ಮೂಟೆಯಾಯಿತು. ಬಿಚ್ಚಿ ನೋಡುವ ವ್ಯವಧಾನವಿಲ್ಲದೆ ಒಂದು ಕೇರಿಗೆ ಒಯ್ದು ಹಂಚಿ, ಫೋಟೋ ತೆಗೆಸಿಕೊಂಡು ಬಂದೆವು. ಹದಿನೈದು ದಿನದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಹಳ್ಳದ ದಂಡೆಯಲ್ಲಿ ಗುಂಡಿಯಿಲ್ಲದ ಷರಟುಗಳು, ಇಲಾಸ್ಟಿಕ್ ಸಡಿಲಿದ ಚಡ್ಡಿಗಳು, ಒಂಟಿ ಕಾಲುಚೀಲಗಳು ಬಿದ್ದಿದ್ದವು. ಜೊತೆಗಿದ್ದ ಗೆಳತಿ, “ಇವರಿಗೆ ಕೊಟ್ಟರೂ ಬೆಲೆಯಿಲ್ಲ” ಎಂದಳು. ಬೆಲೆ ಕಟ್ಟದೆ ಕೊಟ್ಟವರು ನಾವು. ಬೆಲೆಯಿಲ್ಲವೆಂದು ದೂರುವವರೂ ನಾವೇ!

ಇದು ನಮ್ಮೂರಿನ ಕಥೆ ಮಾತ್ರವಲ್ಲ. 2004ರ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಯಲ್ಲಿ ದಾನವಾಗಿ ಬಂದ ಬಟ್ಟೆಗಳು ರಸ್ತೆಯ ಬದಿಗಳಲ್ಲಿ ರಾಶಿ ಬಿದ್ದಿದ್ದವು. 1999ರಲ್ಲಿ ‘ಗೂಂಜ್’ ಸಂಸ್ಥೆಯನ್ನು ಕಟ್ಟಿದ, 2015ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಅಂಶು ಗುಪ್ತ ಅವರು ಹಳೆಯ ಬಟ್ಟೆಯನ್ನು ದಾನದ ವಸ್ತುವೆಂದು ಎಣಿಸಲಿಲ್ಲ. ಹಳ್ಳಿಯವರು ತಮ್ಮೂರಿಗೆ ಬೇಕಾದ ಬಾವಿ, ರಸ್ತೆ ಮುಂತಾದ ಕೆಲಸಗಳನ್ನು ತಾವೇ ಮಾಡಿ, ಅದರ ಪ್ರತಿಫಲವಾಗಿ ಬಟ್ಟೆಯನ್ನು ಪಡೆಯುವ ಕ್ರಮವನ್ನು ಆ ಸಂಸ್ಥೆ ನಡೆಸಿಕೊಂಡು ಬಂದಿದೆ. ಅಲ್ಲಿ ದುಡಿಮೆಯೇ ಬೆಲೆ.

ನಾನು ಸೂಚಿಸುವುದು ಇನ್ನೂ ಸುಲಭವಾದ ಕ್ರಮ. ಅಮೆರಿಕದ ಊರುಗಳಲ್ಲಿ ಚರ್ಚು ಅಥವಾ ಶಾಲೆಯ ಸಭಾಂಗಣಗಳಲ್ಲಿ, ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಮಕ್ಕಳ ಹಳೆಯ ವಸ್ತುಗಳ ಮಾರಾಟ ನಡೆಯುತ್ತದೆ. ತಾಯಂದಿರು ತಮ್ಮ ಮಕ್ಕಳ ಬಟ್ಟೆ, ಆಟಿಕೆ, ಪುಸ್ತಕಗಳಿಗೆ ಚೀಟಿ ಕಟ್ಟಿ ವ್ಯವಸ್ಥಾಪಕರಿಗೆ ಒಪ್ಪಿಸಿ ಹೋಗುತ್ತಾರೆ. ಮಾರಾಟವಾದ ಮೇಲೆ ನೂರಕ್ಕೆ ಸುಮಾರು 60–70ರಷ್ಟು ಹಣ ವಸ್ತುವಿನ ಒಡೆಯರಿಗೆ, ಉಳಿದದ್ದು ವ್ಯವಸ್ಥೆಗೆ. ಮಾರಾಟವಾಗದ್ದನ್ನು ಮರಳಿ ಒಯ್ಯಬಹುದು. ಇದೇನು ನಮಗೆ ಹೊಸ ವಿದ್ಯೆಯೇ? ನಮ್ಮ ಮಲೆನಾಡಿನ ರೈತನು ಅಡಕೆ ಮೂಟೆಯನ್ನು ಮಂಡಿಯಲ್ಲಿ ಇಳಿಸಿ ಬಂದು, ಮಾರಾಟವಾದ ಮೇಲೆ ಪಟ್ಟಿ ನೋಡಿ ಹಣ ಎಣಿಸಿಕೊಳ್ಳುವುದಿಲ್ಲವೇ? ರಾಶಿ, ಬೆಟ್ಟೆ, ಗೊರಬಲುಗಳನ್ನು ಕಲಸಿ ಒಯ್ದರೆ ಧಾರಣೆ ಸಿಕ್ಕದೆಂದು ಅವನಿಗೆ ಗೊತ್ತು. ಆರಿಸಿ, ವಿಂಗಡಿಸಿ, ಒಣಗಿಸಿ ಒಯ್ಯುತ್ತಾನೆ. ಅಡಕೆಗೆ ತೋರುವ ಈ ಶ್ರದ್ಧೆಯನ್ನು ಮಗುವಿನ ಅಂಗಿಗೂ ತೋರಬೇಕೆಂಬುದಷ್ಟೇ ನನ್ನ ಕೋರಿಕೆ.

ಸಿದ್ಧತೆಯೆಂದರೆ ಏನು? ಮೊದಲನೆಯದಾಗಿ, ಬಟ್ಟೆಯನ್ನು ಒಗೆದು ಬಿಸಿಲಿಗೆ ಹರವಿ, ಬೆಳಕಿಗೆ ಹಿಡಿದು ನೋಡಬೇಕು. ಕಂಕುಳ ಹೊಲಿಗೆ, ಕತ್ತಿನ ಪಟ್ಟಿ, ಮೊಳಕಾಲಿನ ಭಾಗ ಇವು ಮೊದಲು ಸವೆಯತಕ್ಕವು. ಹೋದ ಗುಂಡಿಯನ್ನು ಹಾಕಿ, ಲಾಡಿ ಪೋಣಿಸಿ, ಜಿಪ್ಪನ್ನು ಎರಡು ಸಲ ಎಳೆದು ನೋಡಿ, ಇಸ್ತ್ರಿ ಹಾಕಿ ಮಡಿಸಬೇಕು. ಎರಡನೆಯದಾಗಿ, ಕಾಲರಿನ ಒಳಗೆ ಬರೆದ ಹೆಸರನ್ನೂ ಶಾಲೆಯ ಬ್ಯಾಡ್ಜನ್ನೂ ತಪ್ಪದೆ ತೆಗೆಯಬೇಕು. ಹಿಂದಿನ ಮಗುವಿನ ಗುರುತು ಮುಂದಿನ ಮಗುವಿಗೆ ಹೊರೆಯಾಗಬಾರದು. ಮೂರನೆಯದಾಗಿ, ಚೀಟಿಯಲ್ಲಿ ವಯಸ್ಸನ್ನು ಮಾತ್ರ ಬರೆದರೆ ಸಾಲದು. ಐದು ವರ್ಷದ ಮಕ್ಕಳೆಲ್ಲ ಒಂದೇ ಗಾತ್ರದವರಲ್ಲ. ಉದ್ದ, ಎದೆಯ ಸುತ್ತಳತೆಗಳನ್ನು ಟೇಪು ಹಿಡಿದು ಬರೆಯಬೇಕು. ನಾಲ್ಕನೆಯದಾಗಿ, ಕಲೆ ಹೋಗದಿದ್ದರೆ “ಬೆನ್ನಿನಲ್ಲಿ ಸಣ್ಣ ಕಲೆಯಿದೆ” ಎಂದು ಚೀಟಿಯಲ್ಲಿಯೇ ನಮೂದಿಸಿ ಬೆಲೆ ಇಳಿಸಬೇಕು. ಹೊಸದರ ಬೆಲೆಯಲ್ಲಿ ಕಾಲುಭಾಗ, ಹೆಚ್ಚೆಂದರೆ ಮೂರರಲ್ಲೊಂದು ಭಾಗ ಇಟ್ಟರೆ ಇಬ್ಬರಿಗೂ ನ್ಯಾಯವೆಂದು ನನ್ನ ಲೆಕ್ಕ. ತೀರ ಹರಿದದ್ದನ್ನು ಮಾರುವುದೂ ಬೇಡ, ದಾನವೆನ್ನುವುದೂ ಬೇಡ. ಅದು ಕೌದಿಗೆ, ಕೈಯೊರಸಿಗೆ ಸಲ್ಲಲಿ.

ಆಟಿಕೆ, ತೊಟ್ಟಿಲುಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿ ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆಯೂ ಇದೆ. ಅಮೆರಿಕದಲ್ಲಿ, ದೋಷವಿದೆಯೆಂದು ಕಂಪನಿ ಹಿಂದಕ್ಕೆ ಕರೆಸಿಕೊಂಡ ವಸ್ತುವನ್ನು ಮಾರುವುದು 2008ರ ಕಾನೂನಿನಂತೆ ಅಪರಾಧ. ಒಂದು ಪಕ್ಕ ಕೆಳಗಿಳಿಯುವ ಮಗುವಿನ ಮಂಚಗಳಲ್ಲಿ ಶಿಶುಗಳು ಸಿಕ್ಕಿ ಸತ್ತಿದ್ದರಿಂದ 2011ರಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಿದರು. ನಮ್ಮಲ್ಲಿ ಗೃಹೋಪಯೋಗಿ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಬಂದಿತು; ಹೊಸ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಅಂದರೆ ಅದಕ್ಕಿಂತ ಹಿಂದಿನ, ಬಣ್ಣ ಚಕ್ಕೆಯೇಳುತ್ತಿರುವ ಆಟಿಕೆಯನ್ನು ಕೂಸಿನ ಬಾಯಿಗೆ ಸಿಗುವಂತೆ ಮಾರಲಾಗದು. ಕಳಚುವ ಗಾಲಿ, ಬಿಚ್ಚಿಕೊಳ್ಳುವ ಗುಂಡಿ ಬ್ಯಾಟರಿ, ಕತ್ತಿಗೆ ಸುತ್ತಿಕೊಳ್ಳುವ ಉದ್ದ ದಾರ ಇವನ್ನೆಲ್ಲ ನೋಡಿ ತೆಗೆಯಬೇಕು. ನಮ್ಮ ಮಗುವಿಗೆ ಕೊಡಲು ಹಿಂಜರಿಯುವ ವಸ್ತುವನ್ನು ಇನ್ನೊಬ್ಬರ ಮಗುವಿಗೆ ಮಾರುವುದು ವ್ಯಾಪಾರವಲ್ಲ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ದಾನವನ್ನು ಹೊಗಳಿದ ನಾಡಿನಲ್ಲಿ ಮಗುವಿನ ಅಂಗಿಗೂ ದುಡ್ಡು ಕೇಳುವುದು ಹೀನವಲ್ಲವೇ ಎನ್ನಬಹುದು. ನಮ್ಮಲ್ಲಿ ಅಕ್ಕನ ಮಗುವಿನ ಅಂಗಿ ತಂಗಿಯ ಮಗುವಿಗೆ, ಒಂದು ಮನೆಯ ತೊಟ್ಟಿಲು ಇನ್ನೊಂದು ಮನೆಗೆ ಹೋಗುವುದುಂಟು. ಹಸುಗೂಸಿಗೆ ಮೆತ್ತನೆಯ ಹಳೆಯ ಬಟ್ಟೆಯನ್ನೇ ಮೊದಲು ಉಡಿಸುವುದುಂಟು. ಅದು ದಾನವಲ್ಲ, ಬಳಕೆ. ಇಂದು ಅವರಿಂದ ಬಂದದ್ದಕ್ಕೆ ನಾಳೆ ನಮ್ಮಿಂದಲೂ ಏನಾದರೂ ಹೋಗುತ್ತದೆ. ಹಿಂದಿರುಗಿ ಕೊಡಲು ಏನೂ ಇಲ್ಲದವರಿಗೆ ಕೊಟ್ಟಾಗ ಮಾತ್ರ ಅದು ಋಣವಾಗಿ ಕೂರುತ್ತದೆ. ಇಪ್ಪತ್ತು ರೂಪಾಯಿಯಾದರೂ ಕೊಟ್ಟು, ಹತ್ತು ಅಂಗಿಗಳಲ್ಲಿ ಒಂದನ್ನು ಆರಿಸಿ, “ಇದು ಬೇಡ, ಅದು ಕೊಡಿ” ಎನ್ನುವ ಅಧಿಕಾರ ದಾನ ಪಡೆಯುವವರಿಗೆಲ್ಲಿದೆ? ಇಪ್ಪತ್ತು ರೂಪಾಯಿಯೂ ಇಲ್ಲದವರ ಗತಿಯೇನೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಅಂಥವರು ಮಾರಾಟದ ದಿನ ಎರಡು ಗಂಟೆ ಬಟ್ಟೆ ಮಡಿಸಲಿ, ಚೀಟಿ ಕಟ್ಟಲಿ, ಅದೇ ಅವರ ಹಣ. ಮಾರುವವರೆಲ್ಲ ಶ್ರೀಮಂತರೂ ಅಲ್ಲ. ಅಟ್ಟದ ಗಂಟಿನಿಂದ ಮುನ್ನೂರು ರೂಪಾಯಿ ಬಂದರೆ ಜೂನ್ ತಿಂಗಳಲ್ಲಿ ಅದು ಎಷ್ಟೋ ಮನೆಗಳಿಗೆ ದೊಡ್ಡ ಮಾತು.

ಆದುದರಿಂದ ಪ್ರಾಂಶುಪಾಲರಲ್ಲಿಯೂ ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಗಳಲ್ಲಿಯೂ ನನ್ನದೊಂದು ವಿನಂತಿ. ಮೇ ತಿಂಗಳ ಕೊನೆಯ ವಾರ, ಶಾಲೆಗಳೂ ಮಳೆಯೂ ಆರಂಭವಾಗುವ ಮೊದಲು, ನಮ್ಮ ಕಾಲೇಜಿನ ಸಭಾಂಗಣದಲ್ಲಿ ಒಂದು ದಿನದ ‘ಮಕ್ಕಳ ಸಂತೆ’ ನಡೆಯಲಿ. ಸರ್ಕಾರಿ ಶಾಲೆಗಳಲ್ಲಿ ಸಮವಸ್ತ್ರ, ಪಠ್ಯಪುಸ್ತಕಗಳನ್ನು ಉಚಿತವಾಗಿ ಕೊಡುತ್ತಾರೆ. ಆದರೆ ಮಳೆಯಂಗಿ, ಸ್ವೆಟರು, ಚೀಲ, ಮನೆಯಲ್ಲಿ ತೊಡುವ ಬಟ್ಟೆಗಳನ್ನು ತಂದೆತಾಯಿಗಳೇ ಹೊಂದಿಸಬೇಕು. ವಾಣಿಜ್ಯದ ವಿದ್ಯಾರ್ಥಿಗಳು ಲೆಕ್ಕ ಬರೆಯಲಿ. ಉಳಿದವರು ಗುಂಡಿ ಹಾಕುವುದನ್ನು ಕಲಿಯಲಿ. ಹುಡುಗರೂ ಕಲಿಯಲಿ. ನಾನಂತೂ ಪರೀಕ್ಷೆ ಮುಗಿಸಿ ಈ ಕಾಲೇಜನ್ನು ಬಿಟ್ಟಿರುತ್ತೇನೆ. ಆದರೂ ಆ ದಿನ ಸೂಜಿದಾರ ಹಿಡಿದು ಬಂದೇ ಬರುತ್ತೇನೆ.

ಹಳದಿ ಫ್ರಾಕು ಈಗಲೂ ನಮ್ಮ ಮನೆಯಲ್ಲಿದೆ. ಆ ಶನಿವಾರದ ಮೇಲೆ ನಾನದನ್ನು ತೊಡಲಿಲ್ಲ. ಅವ್ವನಿಗೆ ಎಸೆಯಲು ಮನಸ್ಸು ಬರಲಿಲ್ಲ. ಮೊನ್ನೆ ಅದನ್ನು ಒಗೆದು, ತೋಳಿನ ಬಿಚ್ಚಿದ ಹೊಲಿಗೆಯನ್ನು ಹಾಕಿ, ಅಳತೆ ತೆಗೆದು ಚೀಟಿ ಬರೆದಿಟ್ಟಿದ್ದೇನೆ. ಬೆಲೆ ಮೂವತ್ತು ರೂಪಾಯಿ. ಯಾವ ಮಗು ಕೊಂಡರೂ ಆ ಎರಡು ಬಾತುಕೋಳಿಗಳು ಅದರ ಸ್ವಂತದ್ದಾಗಲಿ ಎಂದು ಹಾರೈಸಿ ನನ್ನ ಅರಿಕೆಯನ್ನು ಮುಗಿಸುತ್ತೇನೆ.