ತರಗತಿಯ ದೃಶ್ಯವೂ ಮಗುವಿನ ಮಾನವೂ

2023ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿಯೊಬ್ಬರು ಮುಸ್ಲಿಂ ಬಾಲಕನೊಬ್ಬನಿಗೆ ಸಹಪಾಠಿಗಳ ಕೈಯಿಂದಲೇ ಹೊಡೆಸಿದ ದೃಶ್ಯ ದೇಶವನ್ನು ತಲ್ಲಣಗೊಳಿಸಿತು. ಆ ವಿಡಿಯೊ ಇರದಿದ್ದರೆ ಮಗುವಿನ ನೋವು ಶಾಲೆಯ ಗೋಡೆಗಳೊಳಗೇ ಅಡಗಿಹೋಗುತ್ತಿತ್ತು. ಪ್ರಕರಣವು ಸುಪ್ರೀಂ ಕೋರ್ಟ್‌ವರೆಗೆ ತಲುಪುತ್ತಲೂ ಇರಲಿಲ್ಲ. ಆದರೆ ಅದೇ ವಿಡಿಯೊ ಅಳುತ್ತಿದ್ದ ಬಾಲಕನ ಮುಖವನ್ನು ಲಕ್ಷಾಂತರ ಜನರ ಮುಂದಿರಿಸಿತು. ಅದನ್ನು ಹಂಚಬೇಡಿರೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೇ ಕೋರಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಅಮಾನುಷ ಕೃತ್ಯ ಬಯಲಾದದ್ದೂ ಚಿತ್ರೀಕರಣದಿಂದಲೇ.

ಇಂದು ಮೊಬೈಲ್ ವಿದ್ಯಾರ್ಥಿಗಳ ಕೈಗೇ ಬಂದಿದೆ. ಆದ್ದರಿಂದ ಈ ಪ್ರಶ್ನೆ ಪ್ರತಿಯೊಂದು ಶಾಲೆಯ ಬಾಗಿಲಿಗೂ ಬಂದು ನಿಂತಿದೆ. ಚಿತ್ರೀಕರಿಸಿದ ವಿದ್ಯಾರ್ಥಿಯನ್ನು ಒಡನೆಯೇ ಶಾಲೆಯಿಂದ ಹೊರಹಾಕುವುದು ಅನೇಕ ಆಡಳಿತ ಮಂಡಳಿಗಳಿಗೆ ಸುಲಭವಾಗಿ ತೋಚುವ ಉಪಾಯ. ಆದರೆ ಎಲ್ಲ ಚಿತ್ರೀಕರಣವೂ ಒಂದೇ ಬಗೆಯದಲ್ಲ. ಪಾಠ ಮಾಡುವ ಗುರುವಿನ ನಡೆನುಡಿಯನ್ನು ಅಣಕಿಸಲು, ನಲವತ್ತು ನಿಮಿಷದ ಪಾಠದಿಂದ ಹತ್ತು ಕ್ಷಣಗಳನ್ನು ಕತ್ತರಿಸಿ ಹರಿಬಿಡುವುದು ಶಿಸ್ತಿನ ಉಲ್ಲಂಘನೆ, ಗುರುವಿಗೂ ಮಾನವಿದೆ. ಗೆಳೆಯನ ಮೇಲಾಗುವ ಹಲ್ಲೆಗೆ ಸಾಕ್ಷಿಯಾಗಿ ಚಿತ್ರ ತೆಗೆದ ಮಗು ಅಪರಾಧಿಯಲ್ಲ. ಆ ಮಗುವನ್ನು ದಂಡಿಸಿ, ಚಿತ್ರವನ್ನು ಅಳಿಸಿಹಾಕಿಸುವ ಶಾಲೆಯು ಶಿಸ್ತನ್ನು ಕಾಪಾಡುವುದಿಲ್ಲ, ತನ್ನ ತಪ್ಪನ್ನು ಮುಚ್ಚಿಕೊಳ್ಳುತ್ತದೆ.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನನ್ವಯ, ತನಿಖೆ ಅಥವಾ ವಿಚಾರಣೆಗೆ ಸಂಬಂಧಿಸಿದ ಮಗುವಿನ ಗುರುತನ್ನು ಬಹಿರಂಗಪಡಿಸಿದವರಿಗೆ ಆರು ತಿಂಗಳವರೆಗಿನ ಸೆರೆವಾಸ, 2 ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ದೃಶ್ಯವು ಲೈಂಗಿಕ ದೌರ್ಜನ್ಯದ್ದಾಗಿದ್ದರೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮತ್ತೊಬ್ಬರಿಗೆ ಕಳುಹಿಸುವುದು ಅಪರಾಧ. 'ನ್ಯಾಯ ಸಿಗಲೆಂದು ಹಂಚಿದೆ' ಎಂಬ ಸದುದ್ದೇಶದಿಂದ ಮಗುವಿಗಾದ ಹಾನಿ ಕಡಿಮೆಯಾಗುವುದಿಲ್ಲ.

ಹಾಗಾದರೆ ಮಾರ್ಗವೇನು? ಮಗು ಲೋಕಕ್ಕೆ ಚಿತ್ರ ತೋರಿಸುವುದೇಕೆಂದರೆ, ಶಾಲೆಯೊಳಗೆ ತನ್ನ ಮಾತನ್ನು ಕೇಳುವವರು ಇಲ್ಲವೆಂದು ಅದಕ್ಕೆ ಅನ್ನಿಸಿರುತ್ತದೆ. ಆದುದರಿಂದ ಫೋನ್ ನಿಷೇಧಕ್ಕಿಂತ ಮೊದಲು, ಭಯವಿಲ್ಲದೆ ದೂರು ಹೇಳಬಹುದಾದ ಒಬ್ಬರಾದರೂ ಪ್ರತಿ ಶಾಲೆಯಲ್ಲಿರಬೇಕು. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿ ಮಗುವಿಗೂ ತಿಳಿದಿರಬೇಕು. ಚಿತ್ರ ದೊರೆತಾಗ ಅದನ್ನು ಅಳಿಸದೆ, ಹಂಚದೆ ಅಧಿಕಾರಿಗಳಿಗೆ ಒಪ್ಪಿಸಬೇಕು. ಮೊದಲು ನೊಂದ ಮಗುವಿನ ರಕ್ಷಣೆ, ಆನಂತರ ಶಿಸ್ತಿನ ವಿಚಾರಣೆ ನಡೆಯಬೇಕು. ಪಾಲಕರು ತಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಇಂಥ ದೃಶ್ಯವನ್ನು ಅಲ್ಲಿಯೇ ತಡೆಯಬೇಕು.

ಹಿರಿಯರೂ ತಮ್ಮನ್ನು ತಾವು ನೋಡಿಕೊಳ್ಳಬೇಕು. ದಾಖಲಾತಿ ಹೆಚ್ಚಿಸಿಕೊಳ್ಳಲು ಮಕ್ಕಳ ರೀಲ್ಸ್ ಹರಿಬಿಡುವ ಸಂಸ್ಥೆ, ಉಚಿತ ಪ್ರಸಾದ ಸ್ವೀಕರಿಸುವ ಮಗುವಿನ ಮುಖವನ್ನು ಪ್ರಚಾರಕ್ಕೆ ಬಳಸುವ ದಾನಿ, ಇವರಿಂದ ಮಕ್ಕಳು ಯಾವ ಸಂಯಮ ಕಲಿತಾರು? ನಾಡಿನ ಮಠಗಳು ಅಸಂಖ್ಯ ಮಕ್ಕಳಿಗೆ ಅನ್ನ, ಅಕ್ಷರ, ಆಸರೆಗಳನ್ನು ನೀಡುತ್ತ ಬಂದಿವೆ. ಆ ಮಕ್ಕಳ ಮಾನವನ್ನು ಕಾಯುವುದೂ ದಾಸೋಹದ ಭಾಗವೇ ಆಗಿದೆ. ಈ ನಿಯಮವು ಮೊದಲು ನಮ್ಮ ಶಾಲೆ, ಪ್ರಸಾದನಿಲಯಗಳಲ್ಲಿ ಜಾರಿಗೆ ಬರಲಿ. ಅನ್ಯರಿಗೆ ಹೇಳುವ ಅಧಿಕಾರ ಆಗ ನಮಗೆ ದೊರೆಯುತ್ತದೆ.