ಎದುರು ಸಾಲಿನ ಪ್ರಶ್ನೆ

ನಂಜನಗೂಡು ಕಪಿಲಾ ನದಿಯ ದಡದಲ್ಲಿದೆ. ಅದೇ ಕಪಿಲೆ ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮೈಸೂರು ಜಿಲ್ಲೆಯ ಈ ಎರಡು ತಾಲ್ಲೂಕುಗಳ ಹಲವು ಹಳ್ಳಿಗಳನ್ನೂ ಮೈಸೂರು ತಾಲ್ಲೂಕಿನ ಕೆಲವು ಹಳ್ಳಿಗಳನ್ನೂ ಕೂಡಿಸಿ 2008ರಲ್ಲಿ ವರುಣಾ ಎಂಬ ಹೊಸ ವಿಧಾನಸಭಾ ಕ್ಷೇತ್ರವನ್ನು ರಚಿಸಲಾಯಿತು. ಬಳ್ಳಾರಿಯ ಅದಿರಿನ ಗುಡ್ಡಗಳಿಗೂ ಈ ಹಳ್ಳಿಗಳಿಗೂ ಬಹಳ ದೂರ. ಆದರೂ ಆ ಗುಡ್ಡಗಳ ವಿಷಯವಾಗಿ 2010ರಲ್ಲಿ ಸದನದಲ್ಲಿ ಸರ್ಕಾರವನ್ನು ಪ್ರಶ್ನಿಸಿದವರ ಮುಂದಾಳು ವರುಣಾ ಕ್ಷೇತ್ರದ ಪ್ರತಿನಿಧಿಯಾಗಿದ್ದರು.

ಈ ಸೀಮೆಗೆ ಪ್ರಾತಿನಿಧ್ಯವೆಂಬುದು ಹೊಸತಲ್ಲ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕರೆದಾಗ ಸಂಸ್ಥಾನದ ನಾನಾ ಕಡೆಗಳಿಂದ 144 ಮಂದಿ ಬಂದಿದ್ದರು. ಅವರು ತಮ್ಮ ಊರುಗಳ ಕಷ್ಟಸುಖಗಳನ್ನು ದಿವಾನರಿಗೆ ಅರಿಕೆ ಮಾಡಿಕೊಳ್ಳಬಹುದಾಗಿತ್ತು. ತೀರ್ಮಾನ ಮಾತ್ರ ಸರ್ಕಾರದ್ದೇ. ಅರಿಕೆಗೂ ಪ್ರಶ್ನೆಗೂ ಇರುವ ವ್ಯತ್ಯಾಸ ಅಲ್ಪವಾದುದಲ್ಲ. ಅರಿಕೆಯನ್ನು ಆಲಿಸುವುದು ದೊರೆಯ ಔದಾರ್ಯ. ಪ್ರಶ್ನೆಗೆ ಉತ್ತರ ಕೊಡುವುದು ಸಚಿವರ ಕರ್ತವ್ಯ. ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕೆಂದು ಸಂವಿಧಾನದ 164ನೆಯ ವಿಧಿ ಹೇಳುತ್ತದೆ. ಸದನದಲ್ಲಿ ಆಡಿದ ಮಾತಿಗಾಗಿ ಶಾಸಕರನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲವೆಂದು 194ನೆಯ ವಿಧಿ ರಕ್ಷಣೆ ಕೊಡುತ್ತದೆ. ಎದುರು ಸಾಲಿನಲ್ಲಿ ಕುಳಿತವರಿಗೆ ಇವೆರಡೂ ದೊಡ್ಡ ಬಲ. ಏಕೆಂದರೆ ತಲೆ ಎಣಿಕೆಯಲ್ಲಿ ಅವರು ಗೆಲ್ಲುವುದು ಅಪರೂಪ.

2010ರಲ್ಲಿ ಆದುದೇನು? ಉತ್ತರ ಕನ್ನಡ ಜಿಲ್ಲೆಯ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆಯವರು ಜಪ್ತಿ ಮಾಡಿದ್ದ ಕಬ್ಬಿಣದ ಅದಿರಿನಲ್ಲಿ ಸುಮಾರು 5 ಲಕ್ಷ ಟನ್‌ಗಳಷ್ಟು ಕಾಣೆಯಾಗಿತ್ತು. ಮೂಟೆಯನ್ನೋ ಪೆಟ್ಟಿಗೆಯನ್ನೋ ಕದ್ದಂತಲ್ಲ. ಲಾರಿಗಳ ಸಾಲು, ಹಡಗು, ರಹದಾರಿ ಪತ್ರ, ಕಾವಲು ಇವೆಲ್ಲವನ್ನೂ ದಾಟಿಕೊಂಡು ಹೋಗಬೇಕಾದ ರಾಶಿ ಅದು. ಈ ಪ್ರಕರಣದಿಂದ ನೊಂದ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಜೂನ್ ತಿಂಗಳಲ್ಲಿ ರಾಜೀನಾಮೆ ಕೊಟ್ಟು, ಬಳಿಕ ಅದನ್ನು ಹಿಂದಕ್ಕೆ ಪಡೆದರು. ಜುಲೈನಲ್ಲಿ ಅಧಿವೇಶನ ಸೇರಿದಾಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ವಿಷಯವನ್ನು ಕೈಗೆತ್ತಿಕೊಂಡರು. ಅವರು ಹಿಂದೆ ಅರ್ಥ ಸಚಿವರಾಗಿ ಆಯವ್ಯಯ ಪತ್ರಗಳನ್ನು ಮಂಡಿಸಿದ್ದವರು, ವಕೀಲಿ ಮಾಡಿದ್ದವರು. ರಾಜ್ಯದ ಬೊಕ್ಕಸಕ್ಕೆ ಬರಬೇಕಾದ ಹಣ ಎಲ್ಲಿ ಸೋರುತ್ತದೆಂಬುದು ಅಂಥವರಿಗೆ ಬೇಗ ಕಾಣುತ್ತದೆ.

2008ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 80, ಜಾತ್ಯತೀತ ಜನತಾದಳಕ್ಕೆ 28 ದೊರೆತಿದ್ದವು. ಎರಡೂ ಕೂಡಿದರೂ ಸರ್ಕಾರವನ್ನು ಮಣಿಸುವಷ್ಟು ಬಲವಿರಲಿಲ್ಲ. ಅಕ್ರಮ ಗಣಿಗಾರಿಕೆಯನ್ನು ಕೇಂದ್ರ ತನಿಖಾ ದಳಕ್ಕೆ ಒಪ್ಪಿಸಬೇಕೆಂಬುದು ಅವರ ಬೇಡಿಕೆ. ಲೋಕಾಯುಕ್ತರು ವಿಚಾರಣೆ ನಡೆಸುತ್ತಿರುವಾಗ ಬೇರೊಂದು ತನಿಖೆ ಬೇಕಿಲ್ಲವೆಂಬುದು ಮುಖ್ಯಮಂತ್ರಿ ಯಡಿಯೂರಪ್ಪನವರ ನಿಲುವು. ಗಣಿ ಉದ್ಯಮದೊಡನೆ ನಂಟಿದ್ದ ಸಚಿವರೂ ಆ ಸಂಪುಟದಲ್ಲಿದ್ದರು. ಮಾತಿಗೆ ಮಾತು ಬೆಳೆಯಿತು. ಬಳ್ಳಾರಿಗೆ ಬನ್ನಿ ನೋಡೋಣ ಎಂಬ ಸವಾಲೂ ಎದ್ದಿತು. ವಿರೋಧ ಪಕ್ಷಗಳವರು ಸದನದಲ್ಲಿಯೇ ಹಗಲಿರುಳು ಧರಣಿ ಕುಳಿತರು. ಬಳಿಕ ಕಾಂಗ್ರೆಸ್ಸಿನವರು ಜುಲೈ 25ರಂದು ಬೆಂಗಳೂರಿನಿಂದ ಹೊರಟು, ಸುಮಾರು 320 ಕಿಲೋಮೀಟರ್ ನಡೆದು, ಆಗಸ್ಟ್ 9ರಂದು ಬಳ್ಳಾರಿ ತಲುಪಿದರು.

ಜನರ ನೆನಪಿನಲ್ಲಿ ಉಳಿದಿರುವುದು ಈ ನಡಿಗೆ. ಆದರೆ ಹೆಚ್ಚಿನ ಬೆಲೆ ಸಲ್ಲಬೇಕಾದುದು ಅದಕ್ಕೂ ಮೊದಲಿನ ಪ್ರಶ್ನೆಗೆ. ನಡಿಗೆಗೆ ಕಾಲಿನ ಕಸುವು ಸಾಕು. ಪ್ರಶ್ನೆಗೆ ಕಡತಗಳನ್ನು ಓದಿರಬೇಕು, ಅಂಕಿಗಳನ್ನು ಹೊಂದಿಸಿರಬೇಕು. ಸದನದ ನಡುವಿಗೆ ಬಂದು ಘೋಷಣೆ ಕೂಗುವುದನ್ನು ಶೌರ್ಯವೆಂದು ಬಗೆಯುವ ಶಾಸಕರು ಎಲ್ಲ ಪಕ್ಷಗಳಲ್ಲಿಯೂ ಉಂಟು. ಗದ್ದಲದಲ್ಲಿ ಕಲಾಪ ಮುಂದಕ್ಕೆ ಹೋದ ದಿನ ಅತ್ಯಂತ ನೆಮ್ಮದಿಯಿಂದ ಮನೆಗೆ ಮರಳುವವರು ಉತ್ತರ ಕೊಡಬೇಕಾಗಿದ್ದ ಸಚಿವರು! 2011ರ ಜುಲೈ 27ರಂದು ಲೋಕಾಯುಕ್ತರು ತಮ್ಮ ವರದಿಯನ್ನು ಸಲ್ಲಿಸಿದರು. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದರಲ್ಲಿ ಅಂದಾಜಾಗಿತ್ತು. ಅದೇ 31ರಂದು ಮುಖ್ಯಮಂತ್ರಿಗಳು ರಾಜೀನಾಮೆಯಿತ್ತರು. ವರ್ಷದ ಹಿಂದೆ ಎದುರು ಸಾಲಿನಿಂದ ಬಂದ ಪ್ರಶ್ನೆ ಹುರುಳಿಲ್ಲದ್ದಲ್ಲವೆಂಬುದು ಆಗ ಸ್ಪಷ್ಟವಾಯಿತು.

2013ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳಾದರು. 2019ರಲ್ಲಿ ಮತ್ತೆ ವಿರೋಧ ಪಕ್ಷದ ನಾಯಕರಾದರು. 2023ರಲ್ಲಿ ಎರಡನೆಯ ಬಾರಿಗೆ ಮುಖ್ಯಮಂತ್ರಿಗಳಾದರು. ಹೀಗೆ ಸ್ಥಾನಗಳು ಅದಲುಬದಲಾಗುವುದರಲ್ಲಿಯೇ ಪ್ರಜಾಪ್ರಭುತ್ವದ ಸೊಗಸಿದೆ, ಪರೀಕ್ಷೆಯೂ ಇದೆ. 2024ರ ಜುಲೈನಲ್ಲಿ ಪರೀಕ್ಷೆಯ ದಿನ ಬಂದಿತು. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರವು ನಿವೇಶನಗಳನ್ನು ಹಂಚಿದ ವಿಷಯದಲ್ಲಿ, ಮುಖ್ಯಮಂತ್ರಿಗಳ ಕುಟುಂಬಕ್ಕೆ ಸಂದ ನಿವೇಶನಗಳೂ ಸೇರಿದಂತೆ, ಚರ್ಚೆ ನಡೆಯಬೇಕೆಂದು ಭಾರತೀಯ ಜನತಾ ಪಕ್ಷ ಮತ್ತು ಜಾತ್ಯತೀತ ಜನತಾದಳದವರು ನಿಲುವಳಿ ಸೂಚನೆ ತಂದರು. ತಪ್ಪೇನೂ ನಡೆದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದರು. ಸರ್ಕಾರವು ಆಗಲೇ ವಿಚಾರಣಾ ಆಯೋಗವೊಂದನ್ನು ನೇಮಿಸಿತ್ತು. ಸೂಚನೆಗೆ ಅವಕಾಶ ದೊರೆಯಲಿಲ್ಲ. ಜುಲೈ 24ರ ರಾತ್ರಿ ವಿರೋಧ ಪಕ್ಷಗಳವರು ಸದನದಲ್ಲಿಯೇ ಮಲಗಿದರು; ಆಗಸ್ಟ್ 3ರಿಂದ 10ರ ವರೆಗೆ ಬೆಂಗಳೂರಿನಿಂದ ಮೈಸೂರಿಗೆ ಪಾದಯಾತ್ರೆ ಮಾಡಿದರು.

ಎರಡು ಆರೋಪಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಅವುಗಳ ಸತ್ಯಾಸತ್ಯವನ್ನು ನಿರ್ಣಯಿಸಲು ಬೇರೆ ಪೀಠಗಳಿವೆ. ಆದರೆ ಉತ್ತರವನ್ನು ಮುಂದೂಡಿದ ರೀತಿಯಲ್ಲಿ ಹೋಲಿಕೆಯಿದೆ. ವಿಚಾರಣೆ ನಡೆಯುತ್ತಿದೆ ಎಂಬ ಮಾತು 2010ರಲ್ಲಿ ಒಂದು ಪಕ್ಷಕ್ಕೆ ಗುರಾಣಿಯಾಯಿತು. 2024ರಲ್ಲಿ ಆಯೋಗವೆಂಬುದು ಇನ್ನೊಂದು ಪಕ್ಷಕ್ಕೆ ನೆರಳಾಯಿತು. ತಪ್ಪಿತಸ್ಥರು ಯಾರೆಂದು ಹುಡುಕುವುದು ತನಿಖೆಯ ಕೆಲಸ. ಆಡಳಿತದ ಹೊಣೆ ಯಾರದೆಂದು ಕೇಳುವುದು ಸದನದ ಕೆಲಸ. ಮೊದಲನೆಯದು ಮುಗಿಯುವ ತನಕ ಎರಡನೆಯದು ಕಾಯಬೇಕೆಂದರೆ, ಐದು ವರ್ಷಗಳ ಅವಧಿಯ ವಿಧಾನಸಭೆ ಯಾವ ಪ್ರಶ್ನೆಗೂ ಉತ್ತರ ಕಾಣದೆಯೇ ಮುಗಿದುಹೋದೀತು. ಉತ್ತರಿಸಲು ನಿಂತ ಮಾತ್ರಕ್ಕೆ 2024ರ ಸರ್ಕಾರಕ್ಕೆ ಅಪಾಯವೇನೂ ಇರಲಿಲ್ಲ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನಗಳು ದೊರೆತಿದ್ದವು. ಒಂದು ದಿನದ ಚರ್ಚೆಗೆ ಬೀಳುವ ಮಂತ್ರಿಮಂಡಲ ಅದಾಗಿರಲಿಲ್ಲ.