ಅರಬ್ಬಿ ಕಪಾಟನ್ನು ಖಾಲಿ ಮಾಡಬೇಡಿ

2015ರ ಒಂದೇ ವರ್ಷದಲ್ಲಿ ಸ್ವೀಡನ್ನಿನಲ್ಲಿ ಸುಮಾರು 1,63,000 ಮಂದಿ ಆಶ್ರಯ ಕೋರಿದರು. ಅವರಲ್ಲಿ ಅತಿ ದೊಡ್ಡ ಗುಂಪು ಸಿರಿಯಾದವರದು. ಬಾಂಬಿಗೆ ಹೆದರಿ ಅಲೆಪ್ಪೊ ಬಿಟ್ಟು ಓಡಿದವರು ಮಕ್ಕಳನ್ನು ಎತ್ತಿಕೊಂಡಾರು, ಪುಸ್ತಕಗಳನ್ನು ಹೊತ್ತು ತಂದಾರೆಯೆ? ಅವರ ಕೈಗೆ ಅವರದೇ ಭಾಷೆಯಾದ ಅರಬ್ಬಿಯ ಪುಸ್ತಕ ಕೊಡುವುದು ಸಾರ್ವಜನಿಕ ಗ್ರಂಥಾಲಯದ ಕರ್ತವ್ಯ. 2014ರಿಂದ ಜಾರಿಯಲ್ಲಿರುವ ಸ್ವೀಡನ್ನಿನ ಗ್ರಂಥಾಲಯ ಕಾಯ್ದೆ, ಸ್ವೀಡಿಷ್ ತಾಯ್ನುಡಿಯಲ್ಲದವರ ಕಡೆ ವಿಶೇಷ ಗಮನ ಕೊಡಬೇಕೆಂದು ಸ್ಪಷ್ಟವಾಗಿಯೇ ಹೇಳುತ್ತದೆ.

“ಬಂದು ನೆಲೆಸಿದ ನಾಡಿನ ಭಾಷೆ ಕಲಿಯಲಿ, ಅರಬ್ಬಿ ಯಾಕೆ?” ಎನ್ನುವವರಿದ್ದಾರೆ. ತಾಯ್ನುಡಿಯ ಓದು ಗಟ್ಟಿಯಾದ ಮಗು ಎರಡನೆಯ ಭಾಷೆಯನ್ನೂ ಚೆನ್ನಾಗಿ ಹಿಡಿಯುತ್ತದೆ. ಕನ್ನಡ ಮಾಧ್ಯಮಕ್ಕಾಗಿ ದಶಕಗಳಿಂದ ಹೋರಾಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಅರಬ್ಬಿ ಮಗುವಿಗಂತೂ ಪುಸ್ತಕ ಇನ್ನೂ ಹೆಚ್ಚು ಬೇಕು. ಮನೆಯಲ್ಲಿ ಕೇಳುವುದು ಸಿರಿಯಾದ್ದೋ ಇರಾಕಿನದೋ ಆಡುನುಡಿ, ಬರಹದ ಅರಬ್ಬಿ ಬೇರೆಯೇ. ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಿದರೇನೇ ಅದು ಒಗ್ಗುವುದು.

ಕಪಾಟು ತುಂಬಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಪಾಶ್ಚಾತ್ಯ ಗ್ರಂಥಾಲಯಗಳ ಕ್ಯಾಟಲಾಗಿನಲ್ಲಿ ಅರಬ್ಬಿ ಹೆಸರುಗಳನ್ನು ರೋಮನ್ ಲಿಪಿಗೆ ಇಳಿಸಿ, ಅಕ್ಷರದ ಮೇಲೊಂದು ಗೆರೆ, ಕೆಳಗೊಂದು ಚುಕ್ಕಿ ಇಟ್ಟು ಬರೆಯುವ ಪದ್ಧತಿಯಿದೆ. 1988ರಲ್ಲಿ ನೊಬೆಲ್ ಪಡೆದ ಕೈರೋದ ಲೇಖಕ ನಗೀಬ್ ಮಹಫೂಝ್ ಅಲ್ಲಿ ‘ನಜೀಬ್’ ಆಗಿ ಕೂತಿರುತ್ತಾರೆ. ಮೂಲ ಲಿಪಿಯನ್ನೂ ದಾಖಲಿಸದಿದ್ದರೆ, ಕೈರೋದಿಂದ ಬಂದ ಅಜ್ಜಿ ತನ್ನೂರಿನ ಲೇಖಕನನ್ನು ತನ್ನ ಲಿಪಿಯಲ್ಲಿ ಹುಡುಕಿದಾಗ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಪುಸ್ತಕ ಮಾತ್ರ ಹತ್ತು ಹೆಜ್ಜೆ ಆಚೆ ಇರುತ್ತದೆ! ಎರಡೂ ಲಿಪಿಗಳಲ್ಲಿ ನಮೂದಾಗಬೇಕು, ಅರಬ್ಬಿ ಬಲ್ಲ ಒಬ್ಬರಾದರೂ ಸಿಬ್ಬಂದಿಯಲ್ಲಿರಬೇಕು, ಕೈರೋ, ಬೈರೂತ್‌ಗಳ ಪ್ರಕಾಶಕರಿಂದ ಹೊಸ ಪುಸ್ತಕ ಬರುತ್ತಿರಬೇಕು. ಇದಕ್ಕೆ ಹಣ ಬೇಕು. ಆ ಹಣಕ್ಕೆ ಕತ್ತರಿ ಹಾಕುವುದು ಸುಲಭ, ಏಕೆಂದರೆ ನಷ್ಟ ಅನುಭವಿಸುವವರಿಗೆ ಎಷ್ಟೋ ಕಡೆ ಇನ್ನೂ ಮತದಾನದ ಹಕ್ಕೇ ಇಲ್ಲ.

ಬರ್ಲಿನ್‌ನಲ್ಲಿ ವಲಸೆ ಬಂದವರೇ ಮುಂದೆ ನಿಂತು, ದಾನದ ಪುಸ್ತಕ ಕೂಡಿಸಿ ‘ಬೈನತ್ನಾ’ ಎಂಬ ಅರಬ್ಬಿ ಗ್ರಂಥಾಲಯ ಕಟ್ಟಿದರು. ಆ ಛಲಕ್ಕೆ ಕೈಮುಗಿಯುತ್ತೇನೆ. ಆದರೆ ಸರ್ಕಾರ ಹೊರಬೇಕಾದ ಭಾರವನ್ನು ಬರಿಗೈಯಲ್ಲಿ ಬಂದವರ ತಲೆಗೆ ಕಟ್ಟುವುದು ಅನ್ಯಾಯ.

ಸ್ಟಾಕ್‌ಹೋಮ್, ಬರ್ಲಿನ್‌ಗಳಲ್ಲಿ ದುಡಿಯುವ ಕನ್ನಡಿಗರೇ, ಡಿಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರೇ, ಈ ಮಾತು ನಿಮಗೆ. ಡಿಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮೂಲ ಮಧ್ಯಪ್ರಾಚ್ಯ, ಉತ್ತರ ಆಫ್ರಿಕಾ ಎಂದು ಅಮೆರಿಕದ 2020ರ ಜನಗಣತಿ ಹೇಳಿದೆ. ಕನ್ನಡ ಪುಸ್ತಕ ಸಿಗದ ಊರಿನಲ್ಲಿ ಮಕ್ಕಳನ್ನು ಬೆಳೆಸುವ ಸಂಕಟ ನಿಮಗೆ ಗೊತ್ತು. ನೀವೂ ಅಲ್ಲಿ ತೆರಿಗೆ ಕಟ್ಟುವವರು, ನಿಮ್ಮ ಮಾತಿಗೆ ತೂಕವಿದೆ. ಗ್ರಂಥಾಲಯದ ಬಜೆಟ್ ಚರ್ಚೆಗೆ ಬಂದ ದಿನ ಮನೆಯಲ್ಲಿ ಕೂರಬೇಡಿ. ಹೋಗಿ, ಎದ್ದು ನಿಂತು, ಅರಬ್ಬಿ ಓದುಗರ ಪರವಾಗಿ ಮಾತಾಡಿ.